ಹಂಚಿನ ಕಾರ್ಖಾನೆಯ ಬೆಲ್ಟು ಮತ್ತು ಕೆಲಸದ ಲೆಕ್ಕ

ಮಂಗಳೂರು ಹಂಚಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಣ್ಣಿನ ಬಗ್ಗೆ ಬರೀತಾರೆ, ಜರ್ಮನ್ ಪಾದ್ರಿಗಳ ಬಗ್ಗೆ ಬರೀತಾರೆ, ಆ ಕೆಂಪು ಬಣ್ಣದ ಬಗ್ಗೆಯಂತೂ ಎಲ್ಲರೂ ಬರೀತಾರೆ. ಕಾರ್ಖಾನೆಯ ಒಳಗೆ ಮಾಡಿನ ಕೆಳಗೆ ಉದ್ದಕ್ಕೆ ತಿರುಗುತ್ತಿದ್ದ ಒಂದು ಕಬ್ಬಿಣದ ದಂಡ, ಅದರಿಂದ ಕೆಳಕ್ಕೆ ಇಳಿಯುತ್ತಿದ್ದ ಬೆಲ್ಟುಗಳು... ಇವುಗಳ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಹಾಗಾಗಿ ಈ ಸಲ ಬೆಲ್ಟಿನ ಕಥೆ. ಸ್ವಲ್ಪ ಚರಿತ್ರೆ, ಸ್ವಲ್ಪ ಲೆಕ್ಕ. ಲೆಕ್ಕ ಅಂದ ಕೂಡಲೇ ಓಡಿಹೋಗಬೇಡಿ ಮಾರಾಯ್ರೆ, ಗುಣಾಕಾರ ಭಾಗಾಕಾರ ಬಿಟ್ಟು ಬೇರೇನೂ ಇಲ್ಲ :-)

ಮೊದಲು ಗೊತ್ತಿರುವ ವಿಷಯ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಹತ್ತಿರ, ಹಂಚಿನ ಕಾರ್ಖಾನೆ ಶುರು ಮಾಡಿದರು. ಪ್ಲೆಬ್ಸ್ಟ್ ಇಲ್ಲಿಗೆ ಬಂದದ್ದು ಹಂಚು ಮಾಡಲಿಕ್ಕಲ್ಲ, ಅಚ್ಚುಕೂಟದ ಕೆಲಸಕ್ಕೆ. ಮಿಶನ್ನಿನ ಪ್ರೆಸ್ಸು 1841ರಲ್ಲಿ ಕಲ್ಲಚ್ಚಿನಿಂದ ಶುರುವಾಗಿತ್ತು. ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲೇ ಅಚ್ಚಾದದ್ದು. 1850ರ ದಶಕದಲ್ಲಿ ಅಚ್ಚುಮೊಳೆಯ ಮುದ್ರಣ ಬಂದದ್ದು ಪ್ಲೆಬ್ಸ್ಟ್ ಅವರ ಕೈಯಿಂದ. ಅಂದರೆ ಯಂತ್ರ ಗೊತ್ತಿದ್ದ ಮನುಷ್ಯ. ಕನ್ನಡದ ಅಚ್ಚಿನಲ್ಲೂ ಮಂಗಳೂರಿನ ಮಾಡಿನಲ್ಲೂ ಒಬ್ಬನೇ ಮೆಕ್ಯಾನಿಕ್‌ನ ಕೈ ಉಂಟು ಅನ್ನೋದು ನಾವು ಕನ್ನಡದಲ್ಲಿ ಬರೆಯುವವರು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುವ ಹಂಚನ್ನು ಕಂಡುಹಿಡಿದದ್ದು ಪ್ಲೆಬ್ಸ್ಟ್ ಅಲ್ಲ. ಅದು ಆಲ್ಸೇಸ್ ಪ್ರಾಂತ್ಯದ ಜಿಲಾರ್ಡೋನಿ ಸಹೋದರರದ್ದು, 1841ರ ಪೇಟೆಂಟು. ನಮ್ಮೂರಿನ ಜೇಡಿಮಣ್ಣು ಆ ನಮೂನೆಗೆ ಚೆನ್ನಾಗಿ ಒಗ್ಗಿತು. ನದಿ ಬದಿಯ ಗದ್ದೆಗಳಿಂದ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸೌದೆಯೂ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಡಗಿನಲ್ಲಿ ಹೋಗುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಷ್ಟು ಹೊತ್ತಿಗೆ ಹಂಚಿನ ಊರು ಅನ್ನುವ ಹೆಸರು ಬಂದಾಗಿತ್ತು. ಜೆಪ್ಪು, ಬೋಳಾರ, ಹೊಯಿಗೆಬಜಾರು, ಕುದ್ರೋಳಿ ಎಲ್ಲಾ ಕಡೆ ಹೊಗೆಗೂಡುಗಳು ಎದ್ದಿದ್ದವು.

ಇರಲಿ, ಈಗ ಬೆಲ್ಟಿಗೆ ಬರೋಣ. ಅದಕ್ಕೆ ಮೊದಲು ಎತ್ತು.

ಎತ್ತಿನ ಟಾರ್ಕು

ಹಂಚು ಮಾಡುವುದರಲ್ಲಿ ಎಲ್ಲಕ್ಕಿಂತ ಭಾರದ ಕೆಲಸ ಮಣ್ಣು ಅರೆಯುವುದು. ಒಂದು ದೊಡ್ಡ ಪೀಪಾಯಿ, ನಡುವೆ ಒಂದು ದಂಡ, ದಂಡಕ್ಕೆ ಅಲಗುಗಳು. ದಂಡ ತಿರುಗಿದರೆ ಮಣ್ಣು ಕಲಸಿ, ಗಾಳಿಗುಳ್ಳೆ ಬಿಟ್ಟು, ಹದವಾಗಿ ಹೊರಗೆ ಬರುತ್ತದೆ. ಇದಕ್ಕೆ ಪಗ್ ಮಿಲ್ ಅಂತ ಹೆಸರು. ಶುರುವಿನಲ್ಲಿ ಇದನ್ನು ತಿರುಗಿಸಿದ್ದು ಎತ್ತುಗಳು, ನಮ್ಮ ಕಬ್ಬಿನ ಗಾಣ ತಿರುಗಿಸುವ ಹಾಗೆಯೇ.

ಇಲ್ಲಿ ಟಾರ್ಕ್ ಅನ್ನುವ ಪದ ಬೇಕಾಗುತ್ತದೆ. ಬೀಸುವ ಕಲ್ಲಿನ ಗೂಟ ಕಲ್ಲಿನ ಅಂಚಿನಲ್ಲೇ ಯಾಕೆ ಇರುತ್ತದೆ? ನಡುವಿನ ಹತ್ತಿರ ಇಟ್ಟರೆ ತಿರುಗಿಸಲು ಆಗೋದಿಲ್ಲ, ಕೈ ಸೋಲುತ್ತದೆ. ಎಷ್ಟು ಬಲ ಹಾಕುತ್ತೇವೆ ಅನ್ನೋದರ ಜೊತೆಗೆ ನಡುವಿನಿಂದ ಎಷ್ಟು ದೂರದಲ್ಲಿ ಹಾಕುತ್ತೇವೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಬಲ ಗುಣಿಸು ದೂರ, ಅದೇ ಟಾರ್ಕ್.

ಈಗ ಒಂದು ಜೋಡಿ ಎತ್ತು 3 ಮೀಟರ್ ಉದ್ದದ ನೊಗದ ತುದಿಯಲ್ಲಿ ಸುತ್ತುತ್ತಿದೆ ಅಂತ ಇಟ್ಟುಕೊಳ್ಳಿ. ಎರಡೂ ಸೇರಿ 1000 ನ್ಯೂಟನ್, ಅಂದರೆ ಸುಮಾರು 100 ಕಿಲೋ ತೂಕದಷ್ಟು ಎಳೆಯುತ್ತವೆ. ಟಾರ್ಕು 3000 ನ್ಯೂಟನ್ ಮೀಟರ್. ನಡಿಗೆ ಸೆಕೆಂಡಿಗೆ 0.7 ಮೀಟರ್, ಅಂದರೆ ನಿಮಿಷಕ್ಕೆ ಎರಡು ಸುತ್ತಿಗಿಂತ ಸ್ವಲ್ಪ ಹೆಚ್ಚು. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ: 700 ವಾಟ್. ಒಂದು ಅಶ್ವಶಕ್ತಿಗೆ (746 ವಾಟ್) ಸ್ವಲ್ಪ ಕಡಿಮೆ.

ಅಂದ ಹಾಗೆ ಈ ಅಶ್ವಶಕ್ತಿ ಅನ್ನೋದೂ ಹುಟ್ಟಿದ್ದು ಹೀಗೆ ಸುತ್ತು ಹೊಡೆಯುವ ಪ್ರಾಣಿಯಿಂದಲೇ. ಜೇಮ್ಸ್ ವಾಟ್ ತನ್ನ ಉಗಿ ಯಂತ್ರ ಮಾರಬೇಕಾದರೆ ಗಿರಣಿಯವರಿಗೆ "ಇದು ಎಷ್ಟು ಕುದುರೆಗೆ ಸಮ" ಅಂತ ಹೇಳಬೇಕಿತ್ತು. ಗಿರಣಿ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಬರುತ್ತದೆ, 180 ಪೌಂಡು ಎಳೆಯುತ್ತದೆ ಅಂತ ಲೆಕ್ಕ ಹಿಡಿದು, ಬಂದ ಸಂಖ್ಯೆಯನ್ನು ಚೊಕ್ಕಮಾಡಿ ನಿಮಿಷಕ್ಕೆ 33,000 ಅಡಿ-ಪೌಂಡ್ ಅಂತ ಇಟ್ಟ. ಗಂಟೆಗೆ 144 ಅಂದರೆ ನಿಮಿಷಕ್ಕೆ 2.4 ಸುತ್ತು. ನಮ್ಮ ಎತ್ತಿನ ನಡಿಗೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ ನೋಡಿ.

ಉಗಿ ಯಂತ್ರ ಬಂತು

19ನೇ ಶತಮಾನ ಮುಗಿಯುವ ಮೊದಲೇ ಮಂಗಳೂರಿನ ಹಂಚಿನ ಕಾರ್ಖಾನೆಗಳಿಗೆ ಉಗಿ ಯಂತ್ರ ಬಂತು. ಒಂದು ಬಾಯ್ಲರು, ಒಂದು ಎಂಜಿನ್ನು. ಆದರೆ ಎಂಜಿನ್ನು ಇರೋದು ಒಂದು ಮೂಲೆಯಲ್ಲಿ. ಮಣ್ಣು ಅರೆಯುವ ಯಂತ್ರ ಇನ್ನೊಂದು ಕಡೆ, ಹಂಚು ಒತ್ತುವ ಪ್ರೆಸ್ಸು ಮತ್ತೊಂದು ಕಡೆ, ನೀರಿನ ಪಂಪು ಮಗದೊಂದು ಕಡೆ. ಒಂದೊಂದಕ್ಕೆ ಒಂದೊಂದು ಎಂಜಿನ್ ಇಡುವುದು ಸಾಧ್ಯವಿರಲಿಲ್ಲ. ಅದಕ್ಕೆ ಉಪಾಯ: ಕಟ್ಟಡದ ಉದ್ದಕ್ಕೂ ಮೇಲೆ ಒಂದು ದಂಡ. ಇದನ್ನು ಲೈನ್ ಶಾಫ್ಟ್ ಅನ್ನುತ್ತಾರೆ. ಎಂಜಿನ್ನು ಬೆಲ್ಟಿನಿಂದ ದಂಡವನ್ನು ತಿರುಗಿಸುತ್ತದೆ. ದಂಡದ ಮೇಲೆ ಸಾಲಾಗಿ ರಾಟೆಗಳು, ಒಂದೊಂದು ರಾಟೆಯಿಂದ ಒಂದೊಂದು ಯಂತ್ರಕ್ಕೆ ಬೆಲ್ಟು. (ನನ್ನ ಹಾಗೆ ಸಾಫ್ಟ್‌ವೇರ್ ಕೆಲಸದವರಿಗೆ: ಒಂದೇ ಸರ್ವರು, ಸುತ್ತ ಹಲವು ಕ್ಲೈಂಟುಗಳು. ಸರ್ವರ್ ನಿಂತರೆ ಎಲ್ಲಾ ನಿಲ್ಲುತ್ತದೆ!)

ಇದು ಮಂಗಳೂರಿನದೇ ಉಪಾಯ ಅಲ್ಲ, ಆಗ ಇಡೀ ಲೋಕದ ಕಾರ್ಖಾನೆಗಳು ಹೀಗೇ ನಡೆಯುತ್ತಿದ್ದವು. ಇಂಗ್ಲೆಂಡಿನ ಹಳೇ ಗಿರಣಿಗಳಲ್ಲಿ ಹಲ್ಲುಚಕ್ರಗಳ ಸರಣಿಯಿಂದ ಈ ಕೆಲಸ ಆಗುತ್ತಿತ್ತು. ಅಮೆರಿಕದ ಲೊವೆಲ್ ಊರಿನ ಆಪಲ್ಟನ್ ಗಿರಣಿಯಲ್ಲಿ ಪಾಲ್ ಮೂಡಿ 1828ರಲ್ಲಿ ಹಲ್ಲುಚಕ್ರದ ಬದಲು ಚರ್ಮದ ಬೆಲ್ಟು ಹಾಕಿಸಿದ. ಸದ್ದು ಕಡಿಮೆ, ಖರ್ಚು ಕಡಿಮೆ, ಒಂದು ಯಂತ್ರ ಸಿಕ್ಕಿಹಾಕಿಕೊಂಡರೆ ಬೆಲ್ಟು ಜಾರುತ್ತದೆಯೇ ಹೊರತು ಹಲ್ಲು ಮುರಿಯೋದಿಲ್ಲ. ಅಲ್ಲಿಂದ ಮುಂದೆ ಬೆಲ್ಟಿನ ಕಾಲ.

ಬೆಲ್ಟಿನ ತತ್ವ ನಮಗೆ ಹೊಸತಲ್ಲ ಅನ್ನೋದನ್ನೂ ಹೇಳಬೇಕು. ನೂಲುವ ಚರಕ ಇದೆಯಲ್ಲ, ಅದು ಬೆಲ್ಟ್ ಡ್ರೈವೇ. ದೊಡ್ಡ ಚಕ್ರ, ಸಣ್ಣ ಕದಿರು, ನಡುವೆ ಒಂದು ದಾರ. 1350ರಲ್ಲಿ ಇಸಾಮಿ ಬರೆದ ಪಾರ್ಸಿ ಕಾವ್ಯದಲ್ಲಿ ಚರಕದ ಪ್ರಸ್ತಾಪ ಇದೆ. ಕನ್ನಡದಲ್ಲಿ ಬಾವಿಯ ರಾಟೆಗೂ ನೂಲುವ ರಾಟೆಗೂ ಒಂದೇ ಹೆಸರು. ಆದರೆ ಎರಡರ ಕೆಲಸ ಬೇರೆ. ಬಾವಿಯ ರಾಟೆ ಬಲದ ದಿಕ್ಕನ್ನು ಮಾತ್ರ ಬದಲಿಸುತ್ತದೆ: ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಎಳೆಯುತ್ತೇವೆ, ಕೊಡಪಾನದ ಭಾರ ಅಷ್ಟೇ. ನೂಲುವ ರಾಟೆ ಟಾರ್ಕನ್ನು ಕೊಟ್ಟು ವೇಗವನ್ನು ಕೊಳ್ಳುತ್ತದೆ. ಚಕ್ರದ ಅಡ್ಡಳತೆ 60 ಸೆಂಟಿಮೀಟರ್, ಕದಿರಿನದ್ದು 1 ಸೆಂಟಿಮೀಟರ್ ಆದರೆ ಕೈ ಒಂದು ಸುತ್ತು ತಿರುಗಿಸುವಾಗ ಕದಿರು 60 ಸುತ್ತು ತಿರುಗುತ್ತದೆ. ಟಾರ್ಕು ಮಾತ್ರ 60ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೂಲಿಗೆ ಅಷ್ಟು ಸಾಕು. ಮಣ್ಣಿಗೆ ಸಾಲದು. ಮಣ್ಣಿಗೆ ಇದರ ತಿರುಗಾಮುರುಗಾ ಬೇಕು.

ಲೆಕ್ಕ ಮಾಡೋಣ

ಈ ಸಂಖ್ಯೆಗಳು ಲೆಕ್ಕಕ್ಕೆಂದು ನಾನೇ ಇಟ್ಟುಕೊಂಡವು, ಯಾವುದೇ ಒಂದು ಕಾರ್ಖಾನೆಯ ದಾಖಲೆಯಲ್ಲ. ಲೈನ್ ಶಾಫ್ಟ್ ನಿಮಿಷಕ್ಕೆ 150 ಸುತ್ತು ತಿರುಗುತ್ತಿದೆ. ಒಂದು ಬೆಲ್ಟಿಗೆ 10 ಅಶ್ವಶಕ್ತಿ, ಅಂದರೆ 7460 ವಾಟ್ ಹೋಗುತ್ತಿದೆ. ನಿಮಿಷಕ್ಕೆ 150 ಸುತ್ತು ಅಂದರೆ ಸೆಕೆಂಡಿಗೆ 15.7 ರೇಡಿಯನ್. ಸಾಮರ್ಥ್ಯವನ್ನು ಇದರಿಂದ ಭಾಗಿಸಿದರೆ ಟಾರ್ಕು 475 ನ್ಯೂಟನ್ ಮೀಟರ್.

ಇಲ್ಲಿ ಸ್ವಲ್ಪ ನಿಲ್ಲಿ. ಎತ್ತಿನ ಜೋಡಿಯ ಟಾರ್ಕು ಎಷ್ಟಿತ್ತು? 3000. ಹತ್ತು ಅಶ್ವಶಕ್ತಿಯ ಉಗಿ ಯಂತ್ರದ ದಂಡಕ್ಕಿಂತ ಆರು ಪಟ್ಟು ಹೆಚ್ಚು! ಹಾಗಾದರೆ ಎತ್ತೇ ಬಲಶಾಲಿಯಾ?

ಟಾರ್ಕಿನ ಲೆಕ್ಕದಲ್ಲಿ ಹೌದು. ಆದರೆ ಟಾರ್ಕು ಕೆಲಸ ಅಲ್ಲ. ಟಾರ್ಕನ್ನು ಅದು ತಿರುಗಿಸಿದ ಕೋನದಿಂದ ಗುಣಿಸಿದಾಗ ಮಾತ್ರ ಕೆಲಸ ಆಗುತ್ತದೆ. ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯ ಚಕ್ರದ ಮೇಲೆ ಹತ್ತು ಜನ ನಿಂತು ಒತ್ತಿದರೆ ಟಾರ್ಕು ಬೇಕಾದಷ್ಟು ಇರುತ್ತದೆ, ಚಕ್ರ ಅಲುಗದಿದ್ದರೆ ಕೆಲಸ ಸೊನ್ನೆ. ಟಾರ್ಕು ಬೇಕಾದರೆ ಉಪಾಯದಿಂದ ಸಿಗುತ್ತದೆ, ದೊಡ್ಡ ಚಕ್ರ ಹಾಕಿದರೆ ಆಯಿತು. ಕೆಲಸವನ್ನು ಉಪಾಯದಿಂದ ಹುಟ್ಟಿಸಲು ಬರೋದಿಲ್ಲ. ಅದಕ್ಕೆ ಎಲ್ಲಿಂದಲೋ ಶಕ್ತಿ ಬರಬೇಕು.

ಬೆಲ್ಟಿನಲ್ಲಿ ಇದು ಎಷ್ಟು ಚೆಂದವಾಗಿ ಕಾಣುತ್ತದೆ ನೋಡಿ. ದಂಡದ ಮೇಲಿನ ರಾಟೆಯ ತ್ರಿಜ್ಯ 30 ಸೆಂಟಿಮೀಟರ್, ಯಂತ್ರದ ರಾಟೆಯದ್ದು 60. ಬೆಲ್ಟು ಜಾರದಿದ್ದರೆ ಎರಡೂ ರಾಟೆಗಳ ಅಂಚಿನ ವೇಗ ಒಂದೇ: ಸೆಕೆಂಡಿಗೆ 4.7 ಮೀಟರ್. ದೊಡ್ಡ ರಾಟೆ ನಿಮಿಷಕ್ಕೆ 75 ಸುತ್ತು ಮಾತ್ರ ತಿರುಗುತ್ತದೆ. ಟಾರ್ಕು ಇಮ್ಮಡಿ, 950. ಟಾರ್ಕು ಗುಣಿಸು ವೇಗ ಎರಡೂ ಕಡೆ ಒಂದೇ. ಇನ್ನಷ್ಟು ರಾಟೆ, ಹಲ್ಲುಚಕ್ರ ಸೇರಿಸಿ ಎತ್ತಿನಷ್ಟೇ ಟಾರ್ಕು, ಅಂದರೆ 3000, ಪಡೆದೆವು ಅನ್ನಿ. ಆಗ ಪಗ್ ಮಿಲ್ಲಿನ ದಂಡ ನಿಮಿಷಕ್ಕೆ ಸುಮಾರು 24 ಸುತ್ತು ತಿರುಗುತ್ತದೆ. ಎತ್ತು ಕೊಟ್ಟದ್ದು ಎರಡು ಚಿಲ್ಲರೆ. ಅದೇ ಪೀಪಾಯಿ, ಅದೇ ಟಾರ್ಕು, ಹತ್ತು ಪಟ್ಟು ಹೆಚ್ಚು ಸುತ್ತು. ಉಗಿ ಯಂತ್ರ ತಂದ ಬದಲಾವಣೆ ಇದು. ಅದು ಎತ್ತಿಗಿಂತ ಜೋರಾಗಿ ತಳ್ಳಲಿಲ್ಲ, ಅಷ್ಟೇ ಜೋರಾಗಿ ಬಹಳ ಬೇಗ ಬೇಗ ತಳ್ಳಿತು.

ಎರಡೂ ಕಡೆ ಬಿಗಿ

ಇಂಜಿನಿಯರಿಂಗ್ ಓದುವಾಗ ಬೆಲ್ಟಿನ ಒಂದು ಸೂತ್ರ ಬರುತ್ತದೆ. 18ನೇ ಶತಮಾನದಲ್ಲಿ ಆಯ್ಲರ್ ಕೊಟ್ಟದ್ದು, 1808ರಲ್ಲಿ ಐಟೆಲ್ವೈನ್ ಎಂಬ ಜರ್ಮನ್ ಇಂಜಿನಿಯರ್ ಬಳಕೆಗೆ ತಂದದ್ದು. ಸೂತ್ರವನ್ನು ಬಿಡಿ, ಅರ್ಥ ಹೀಗೆ: ಬೆಲ್ಟಿಗೆ ಎರಡು ಬದಿ, ಒಂದು ಬಿಗಿ ಬದಿ, ಒಂದು ಸಡಿಲ ಬದಿ. ಕೆಲಸ ಮಾಡೋದು ಎರಡರ ವ್ಯತ್ಯಾಸ. ಆದರೆ ಸಡಿಲ ಬದಿಯಲ್ಲಿ ಎಳೆತ ಇಲ್ಲವೇ ಇಲ್ಲ ಅಂತಾದರೆ ಬೆಲ್ಟು ರಾಟೆಯನ್ನು ಹಿಡಿಯೋದೇ ಇಲ್ಲ, ಜಾರುತ್ತದೆ. ಹಾಗಾಗಿ ಕೆಲಸಕ್ಕೆ ಬಾರದ ಎಳೆತವನ್ನೂ ಇಟ್ಟುಕೊಳ್ಳಲೇಬೇಕು.

ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 1580 ನ್ಯೂಟನ್, ಸುಮಾರು 160 ಕಿಲೋ ತೂಕದಷ್ಟು. ಘರ್ಷಣೆಯ ಗುಣಾಂಕ 0.3 ಅಂತ ಹಿಡಿದು, ಬೆಲ್ಟು ರಾಟೆಯ ಅರ್ಧ ಸುತ್ತನ್ನು ಅಪ್ಪಿದೆ ಅಂದುಕೊಂಡರೆ, ಬಿಗಿ ಬದಿಯಲ್ಲಿ ಸುಮಾರು 2600, ಸಡಿಲ ಬದಿಯಲ್ಲಿ ಸುಮಾರು 1000 ನ್ಯೂಟನ್ ಬೇಕು. ಕೆಲಸ ಮಾಡೋದು ವ್ಯತ್ಯಾಸವಾದ 1580. ದಂಡವನ್ನೂ ಬೇರಿಂಗನ್ನೂ ಜಗ್ಗೋದು ಮೊತ್ತವಾದ 3600! ಇಡೀ ದಿನ, ಪ್ರತಿಯೊಂದು ಬೆಲ್ಟೂ. ಹಳೇ ಕಾರ್ಖಾನೆಗಳ ತೊಲೆ ಕಂಬಗಳು ಅಷ್ಟು ದಪ್ಪ ಇರುವುದಕ್ಕೆ ಹಂಚಿನ ಭಾರ ಮಾತ್ರ ಕಾರಣ ಅಲ್ಲ. ಬೇರಿಂಗಿಗೆ ಎಣ್ಣೆ ಬಿಡುವವನಿಗೆ ಬಿಡುವಿಲ್ಲದ ಕೆಲಸ ಯಾಕೆ ಅನ್ನೋದೂ ಇದರಿಂದ ತಿಳಿಯುತ್ತದೆ.

ಅದೂ ನಮ್ಮೂರಿನ ಮಳೆಗಾಲದಲ್ಲಿ. ಚರ್ಮದ ಬೆಲ್ಟು ತೇವಕ್ಕೆ ಹಿಗ್ಗುತ್ತದೆ, ಹಿಗ್ಗಿದರೆ ಸಡಿಲ, ಸಡಿಲವಾದರೆ ಜಾರುತ್ತದೆ. ನೂರಕ್ಕೆ ಮೂರು ಪಾಲು ಜಾರಿದರೂ ನಮ್ಮ 7460 ವಾಟಿನಲ್ಲಿ 220 ವಾಟಿಗೂ ಹೆಚ್ಚು ಬರೀ ಬಿಸಿಯಾಗಿ ಹೋಗುತ್ತದೆ. ಬೆಲ್ಟನ್ನು ಕತ್ತರಿಸಿ ಮತ್ತೆ ಹೊಲಿಯಬೇಕು, ಇಲ್ಲವೇ ಹಿಡಿತಕ್ಕೆ ರಾಳ ಸವರಬೇಕು. ಬೆಲ್ಟನ್ನು ಎಂಟರ ಆಕಾರದಲ್ಲಿ ಅಡ್ಡ ಹಾಕಿದರೆ ಅಪ್ಪುಗೆ ಹೆಚ್ಚುತ್ತದೆ, ತಿರುಗುವ ದಿಕ್ಕೂ ಬದಲಾಗುತ್ತದೆ. ಮತ್ತೊಂದು ಚೆಂದದ ಸಂಗತಿ: ಚಪ್ಪಟೆ ಬೆಲ್ಟಿನ ರಾಟೆಗಳ ನಡುಭಾಗ ಸ್ವಲ್ಪ ಉಬ್ಬಿರುತ್ತದೆ. ಬೆಲ್ಟು ಜಾರಿ ಬೀಳಬೇಕಲ್ಲ ಅನ್ನಿಸುತ್ತೆ, ಅಲ್ವಾ? ಬೀಳೋದಿಲ್ಲ, ತಾನಾಗಿ ಉಬ್ಬಿನ ಮೇಲೆ ಹತ್ತಿ ನಡುವೆ ನಿಲ್ಲುತ್ತದೆ. ಯಾವ ಅಂಚುಪಟ್ಟಿಯೂ ಬೇಡ.

ಯಂತ್ರ ನಿಲ್ಲಿಸಬೇಕಾದರೆ? ಎಂಜಿನ್ ನಿಲ್ಲಿಸುವ ಹಾಗಿಲ್ಲ, ಉಳಿದವರ ಕೆಲಸ ನಿಲ್ಲುತ್ತದೆ. ಅದಕ್ಕೆ ಯಂತ್ರದ ದಂಡದಲ್ಲಿ ಅಕ್ಕಪಕ್ಕ ಎರಡು ರಾಟೆ. ಒಂದು ದಂಡಕ್ಕೆ ಗಟ್ಟಿ ಕೂತದ್ದು, ಇನ್ನೊಂದು ಸುಮ್ಮನೆ ತಿರುಗುವ ಸಡಿಲ ರಾಟೆ. ಓಡುತ್ತಿರುವ ಬೆಲ್ಟನ್ನು ಒಂದು ಕೋಲಿನ ಕವೆಯಿಂದ ಪಕ್ಕಕ್ಕೆ ಸರಿಸಿದರೆ ಯಂತ್ರ ನಿಲ್ಲುತ್ತದೆ. ಬೆಲ್ಟು ಓಡುತ್ತಲೇ ಇರುತ್ತದೆ, ಆದರೆ ಕೆಲಸ ಇಲ್ಲ.

ಕಾನೂನು ಬೆಲ್ಟಿನ ಬಗ್ಗೆ ಏನು ಹೇಳಿತು

ಈ ಓಡುತ್ತಲೇ ಇರುವ ಬೆಲ್ಟು ಅಂದರೆ ತಮಾಷೆ ಅಲ್ಲ. ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗ, ನೂರಾರು ಕಿಲೋ ಎಳೆತ. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಹಿಂದೆ ಇಡೀ ಎಂಜಿನ್ನಿನ ಶಕ್ತಿ ಇರುತ್ತದೆ. ಬೆಲ್ಟು ಆ ಶಕ್ತಿಯನ್ನು ಮಣ್ಣಿಗೆ ಕೊಡುತ್ತಿದ್ದೇನೋ ಮನುಷ್ಯನಿಗೆ ಕೊಡುತ್ತಿದ್ದೇನೋ ಅಂತ ಕೇಳೋದಿಲ್ಲ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಅಪಾಯದ ಯಂತ್ರಗಳಿಗೆ ಬೇಲಿ ಹಾಕಬೇಕು ಅಂತ ಅದರಲ್ಲೇ ಇತ್ತು. ಆದರೆ ಅದು ಅನ್ವಯಿಸುತ್ತಿದ್ದದ್ದು 100 ಜನಕ್ಕಿಂತ ಕಡಿಮೆಯಿಲ್ಲದ, ಯಂತ್ರಶಕ್ತಿ ಬಳಸುವ ಕಡೆಗೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆ ಬಂತು. ಅದನ್ನು ಓದಿದರೆ ಬೆಲ್ಟಿನ ಪಾಠವೇ ಇದ್ದ ಹಾಗಿದೆ. ಓಡುತ್ತಿರುವ ರಾಟೆಯ ಬೆಲ್ಟನ್ನು ಕೈಯಿಂದ ಮುಟ್ಟಬೇಕಾದರೆ ಬೆಲ್ಟು 15 ಸೆಂಟಿಮೀಟರಿಗಿಂತ ಅಗಲ ಇರಬಾರದು. ಮುಟ್ಟುವವನು ತರಬೇತಾದ ವಯಸ್ಕ ಗಂಡಾಳಾಗಿರಬೇಕು, ಮೈಗೆ ಬಿಗಿಯಾದ ಉಡುಪು ಹಾಕಿರಬೇಕು. ಕೆಲಸದಲ್ಲಿಲ್ಲದ ಬೆಲ್ಟು ತಿರುಗುವ ದಂಡದ ಮೇಲೆ ಸುಮ್ಮನೆ ನೇತಾಡಬಾರದು. ಓಡುವ ಯಂತ್ರಕ್ಕೆ ಎಣ್ಣೆ ಬಿಡುವ, ಒರೆಸುವ ಕೆಲಸಕ್ಕೆ ಹೆಂಗಸರನ್ನೂ ಎಳೆಯರನ್ನೂ ಹಚ್ಚಬಾರದು. ಇಂಥ ಒಂದೊಂದು ಸಾಲಿನ ಹಿಂದೆಯೂ ಎಲ್ಲೋ ಯಾರದೋ ಕೈ ಹೋಗಿರುತ್ತದೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಕಾಯ್ದೆಯಲ್ಲಿ 'ಪವರ್' ಅನ್ನುವ ಪದಕ್ಕೆ ಕೊಟ್ಟ ಅರ್ಥ. ಪವರ್ ಅಂದರೆ ವಿದ್ಯುತ್ತು, ಅಥವಾ ಯಂತ್ರದ ಮೂಲಕ ಸಾಗಿಸಲಾದ ಬೇರೆ ಯಾವುದೇ ಶಕ್ತಿ. ಆದರೆ ಅದು ಮನುಷ್ಯನಿಂದಲೋ ಪ್ರಾಣಿಯಿಂದಲೋ ಹುಟ್ಟಿದ್ದಾಗಿರಬಾರದು. ಪವರ್ ಇದ್ದರೆ 10 ಜನರಿಗೆ ಕಾರ್ಖಾನೆ, ಇಲ್ಲದಿದ್ದರೆ 20 ಜನ ಬೇಕು. (2020ರ ಹೊಸ ಸಂಹಿತೆ ಈ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು.) ಭೌತಶಾಸ್ತ್ರಕ್ಕೆ ಎತ್ತಿನ ಜೌಲೂ ಉಗಿಯ ಜೌಲೂ ಒಂದೇ. ಕಾನೂನಿಗೆ ಬೇರೆ ಬೇರೆ. 15 ಜನ ದುಡಿಯುವ ಜಾಗದಲ್ಲಿ ಎತ್ತು ಪಗ್ ಮಿಲ್ ತಿರುಗಿಸಿದರೆ ಅದು ಆ ಕಾಯ್ದೆಯ ಕಾರ್ಖಾನೆ ಅಲ್ಲ, ಎಂಜಿನ್ನಿನಿಂದ ಒಂದು ಬೆಲ್ಟು ಎಳೆದರೆ ಕಾರ್ಖಾನೆ. ಬೆಲ್ಟು ಬರೀ ಟಾರ್ಕನ್ನು ತರಲಿಲ್ಲ, ನೀರು, ನೆರಳು, ಕೆಲಸದ ಗಂಟೆಯ ಮಿತಿ, ಇನ್ಸ್‌ಪೆಕ್ಟರು ಎಲ್ಲವನ್ನೂ ಎಳೆದುಕೊಂಡು ಬಂತು, ಕಾಗದದ ಮೇಲಾದರೂ.

ಬೆಲ್ಟು ಮುಟ್ಟದ ಕಡೆ

ಬೆಲ್ಟಿನ ರಾಜ್ಯ ಪ್ರೆಸ್ಸಿನ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದ ಹಸಿ ಹಂಚನ್ನು ಎತ್ತುವುದು, ಅಂಚು ಸವರುವುದು, ಒಣಗಲು ಅಟ್ಟಣಿಗೆಯಲ್ಲಿ ಜೋಡಿಸುವುದು, ಒಣಗಿದ್ದನ್ನು ಗೂಡಿಗೆ ಹೊರುವುದು, ಸುಟ್ಟದ್ದನ್ನು ಅಂಗಳಕ್ಕೆ, ಅಂಗಳದಿಂದ ದೋಣಿಗೆ... ಎಲ್ಲಾ ಕೈ ಮತ್ತು ತಲೆ. ಹಂಚಿನ ಕಾರ್ಖಾನೆಗಳಲ್ಲಿ ಹೆಣ್ಣಾಳುಗಳ ಸಂಖ್ಯೆ ದೊಡ್ಡದು, ಮತ್ತು ಹೊರುವ ಕೆಲಸ ಹೆಚ್ಚಾಗಿ ಅವರದ್ದೇ.

ಇದಕ್ಕೂ ಲೆಕ್ಕ ಹಾಕೋಣ. ಒಂದು ಹಂಚು ಎರಡೂವರೆ ಕಿಲೋ. ಅದನ್ನು ಒಂದೂವರೆ ಮೀಟರ್ ಎತ್ತಿ ಅಟ್ಟಣಿಗೆಯಲ್ಲಿಟ್ಟರೆ ಆಗುವ ಕೆಲಸ ಸುಮಾರು 37 ಜೌಲ್. ಸಾವಿರ ಹಂಚಿಗೆ 37,000 ಜೌಲ್. ನಮ್ಮ ಹತ್ತು ಅಶ್ವಶಕ್ತಿಯ ಬೆಲ್ಟು ಇಷ್ಟನ್ನು ಐದು ಸೆಕೆಂಡಿನಲ್ಲಿ ಸಾಗಿಸುತ್ತದೆ. ಐದೇ ಸೆಕೆಂಡು! ಒಬ್ಬಾಕೆಯ ದಿನದ ದೊಡ್ಡ ಪಾಲು ಅದು.

ಇನ್ನೂ ವಿಚಿತ್ರ ಉಂಟು. ತಲೆಯ ಮೇಲೆ ಹಂಚು ಹೊತ್ತು ಸಮತಟ್ಟು ಅಂಗಳದಲ್ಲಿ ನೂರು ಮೀಟರ್ ನಡೆದರೆ ಆ ಹಂಚಿನ ಮೇಲೆ ನಡೆದ ಕೆಲಸ ಭೌತಶಾಸ್ತ್ರದ ಪ್ರಕಾರ ಸೊನ್ನೆ. ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ಪಠ್ಯಪುಸ್ತಕದಲ್ಲಿ ತಲೆಹೊರೆಯ ಕೂಲಿಯಾಳಿನ ಉದಾಹರಣೆ ಕೊಟ್ಟು "ಆದ್ದರಿಂದ ಕೆಲಸ ಶೂನ್ಯ" ಅಂತ ಬರೆದಿರುತ್ತಾರೆ, ನೆನಪಿದೆಯಾ? ಲೆಕ್ಕ ಸರಿ. ಆದರೆ ಸ್ನಾಯು ಸುಮ್ಮನೆ ಹಿಡಿದು ನಿಲ್ಲುವುದಕ್ಕೂ ಅನ್ನ ಸುಡುತ್ತದೆ, ಹೆಜ್ಜೆ ಹೆಜ್ಜೆಗೂ ಮೈ ಮೇಲೆ ಕೆಳಗೆ ಆಗುತ್ತದೆ. ಬೆಲ್ಟಿನ ಸಡಿಲ ಬದಿಯ ಎಳೆತದ ಹಾಗೆಯೇ ಇದು. ಲೆಕ್ಕದ ಪುಸ್ತಕದಲ್ಲಿ ಕೆಲಸ ಅಂತ ಬರೋದಿಲ್ಲ, ಅದಿಲ್ಲದೆ ಯಾವುದೂ ನಡೆಯೋದೂ ಇಲ್ಲ, ಮತ್ತು ಬೇರಿಂಗನ್ನು ಸವೆಸುವುದು ಅದೂ ಸೇರಿದ ಮೊತ್ತ. ಕುತ್ತಿಗೆ ಸೊಂಟ ಮಂಡಿಗಳೂ ಬೇರಿಂಗುಗಳೇ ತಾನೇ?

ಹಾಗಾದರೆ ಐದು ಸೆಕೆಂಡಿನ ಕೆಲಸವನ್ನು ಬೆಲ್ಟಿಗೇ ಕೊಡಲಿಲ್ಲ ಯಾಕೆ? ಎರಡು ಕಾರಣ ಅಂತ ನನಗೆ ಅನ್ನಿಸುತ್ತೆ. ಒಂದು, ಲೈನ್ ಶಾಫ್ಟು ಶಕ್ತಿಯನ್ನು ನಿಂತಲ್ಲೇ ನಿಂತ ಯಂತ್ರಕ್ಕೆ ಮಾತ್ರ ಕೊಡಬಲ್ಲದು. ಹಸಿ ಹಂಚನ್ನು ಬಾಗದಂತೆ ಹಿಡಿದು ಸಾವಿರ ಬೇರೆ ಬೇರೆ ಜಾಗಕ್ಕೆ ಇಡಲು ಜೌಲ್ ಸಾಲದು, ಕೈ ಕಣ್ಣು ಬೇಕು. ಎರಡನೆಯದು ಸರಳ: ಆ ಕೈ ಕಣ್ಣು ಅಗ್ಗಕ್ಕೆ ಸಿಗುತ್ತಿತ್ತು.

ಯಾರು ಕೊಟ್ಟರು?

ಕೊನೆಗೆ ಶಕ್ತಿ ಎಲ್ಲಿಂದ ಬಂತು ಅಂತ ನೋಡೋಣ. ಒಣ ಸೌದೆಯಲ್ಲಿ ಕಿಲೋಗೆ ಸುಮಾರು ಒಂದೂವರೆ ಕೋಟಿ ಜೌಲ್. ಆ ಕಾಲದ ಸಣ್ಣ ಉಗಿ ಯಂತ್ರ ಅದರಲ್ಲಿ ನೂರಕ್ಕೆ ಐದು ಪಾಲನ್ನು ದಂಡಕ್ಕೆ ಮುಟ್ಟಿಸಿತು ಅಂತ ಇಟ್ಟುಕೊಂಡರೆ, ಹತ್ತು ಅಶ್ವಶಕ್ತಿಯನ್ನು ಎಂಟು ಗಂಟೆ ಓಡಿಸಲು ದಿನಕ್ಕೆ 290 ಕಿಲೋ ಸೌದೆ ಬೇಕು. ಇದು ಬರೀ ಬೆಲ್ಟಿಗೆ. ಸುಡುವ ಗೂಡಿನ ಲೆಕ್ಕ ಇನ್ನೂ ದೊಡ್ಡದು: ಒಂದು ಹಂಚನ್ನು 900 ಡಿಗ್ರಿ ಬಿಸಿ ಮಾಡಲಿಕ್ಕೇ ಸುಮಾರು 20 ಲಕ್ಷ ಜೌಲ್ ಬೇಕು, ಗೂಡಿನ ಗೋಡೆ, ಹೊಗೆಯಲ್ಲಿ ಹೋದದ್ದು ಬೇರೆ. ಎಲ್ಲವೂ ಘಟ್ಟದ ಬುಡದ ಕಾಡಿನಿಂದ ಬರಬೇಕು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸರಕಾರ ಹಿಡಿದಿಟ್ಟಿತು. ಯುದ್ಧ ಮುಗಿದ ಮೇಲೆ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮಾಲಿಕರು ಬದಲಾದರು, ಹಂಚಿನ ಮೇಲೆ 1865ರ ಮುದ್ರೆ ಉಳಿಯಿತು. ಮುಂದೆ ಡೀಸೆಲ್ ಎಂಜಿನ್ನು ಬಂತು, ವಿದ್ಯುತ್ತು ಬಂತು. ಲೋಕದ ಎಲ್ಲಾ ಕಡೆ ಆದ ಹಾಗೆ ಮೋಟಾರು ಮೊದಲು ಉಗಿ ಯಂತ್ರದ ಜಾಗದಲ್ಲಿ ಕೂತಿತು, ದಂಡ ಬೆಲ್ಟು ಹಾಗೇ ಇತ್ತು. ಆಮೇಲೆ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರು ಬಂದು ಲೈನ್ ಶಾಫ್ಟಿನ ಕಾಲ ಮುಗಿಯಿತು. 1917ರಲ್ಲಿ ಜಾನ್ ಗೇಟ್ಸ್ ಎಂಬಾತ ರೂಪಿಸಿದ ರಬ್ಬರಿನ ವಿ-ಬೆಲ್ಟು, ರಾಟೆಯ ಗಾಡಿಯಲ್ಲಿ ಆಪಾಗಿ ಕೂರುವುದರಿಂದ, ಅಷ್ಟು ಎಳೆತ ಇಲ್ಲದೆಯೂ ಹಿಡಿಯುತ್ತದೆ. ಆಮೇಲೆ ತಾರಸಿ ಮನೆಗಳು ಬಂದವು, ಮಣ್ಣೂ ಸೌದೆಯೂ ದುಬಾರಿಯಾದವು, ಹೊಗೆಗೂಡುಗಳು ಒಂದೊಂದಾಗಿ ತಣ್ಣಗಾದವು.

ಬೆಲ್ಟು ಮಾತ್ರ ಎಲ್ಲೂ ಹೋಗಿಲ್ಲ. ಊರಿನ ಹಿಟ್ಟಿನ ಗಿರಣಿಯಲ್ಲಿ ಇದೆ, ಟೈಲರ್ ಅಂಗಡಿಯ ಕಾಲುಮಣೆಯ ಮೆಷಿನ್ನಿನಲ್ಲಿದೆ. ಗೇರು ಇಲ್ಲದ ಸ್ಕೂಟರಿನಲ್ಲಿ ಕದ್ರಿ ಗುಡ್ಡ ಹತ್ತುವಾಗ ಅದರೊಳಗಿನ ವಿ-ಬೆಲ್ಟು ಒಂದು ರಾಟೆಯಲ್ಲಿ ಒಳಕ್ಕೆ ಇಳಿದು ಇನ್ನೊಂದರಲ್ಲಿ ಹೊರಕ್ಕೆ ಏರಿ, ವೇಗ ಕೊಟ್ಟು ಟಾರ್ಕು ಕೊಳ್ಳುತ್ತದೆ. ಅದೇ 30-60ರ ಲೆಕ್ಕ, ತ್ರಿಜ್ಯ ತಾನಾಗಿ ಬದಲಾಗುತ್ತದೆ ಅಷ್ಟೇ. ಬಿಲ್ಲು ಪೆಟ್ರೋಲ್ ಬಂಕಿನಲ್ಲಿ :-)

ಹಳೇ ಹಂಚಿನ ಬಿಲ್ಲು ಮಾತ್ರ ಮೂರು ಕಡೆ ಹಂಚಿಹೋಗಿದೆ: ಸ್ವಲ್ಪ ಎತ್ತಿನ ಕುತ್ತಿಗೆಯಲ್ಲಿ, ಬಹಳಷ್ಟು ಕಾಡಿನಲ್ಲಿ, ಮತ್ತು ಜೌಲಿನಲ್ಲಿ ಅಳೆದರೆ ಐದು ಸೆಕೆಂಡೂ ಆಗದ ಒಂದು ಪಾಲು ಹೊತ್ತವರ ತಲೆಯ ಮೇಲೆ. ಚರಿತ್ರೆ ಬರೆಯುವಾಗ ಆ ಕೊನೆಯ ಪಾಲನ್ನು ಜೌಲಿನಲ್ಲಿ ಅಳೆಯಬಾರದು ಅನ್ನೋದಷ್ಟೇ ನನ್ನ ವಾದ.

ನಿಮ್ಮ ಮನೆಯವರು, ನೆರೆಯವರು ಯಾರಾದರೂ ಹಂಚಿನ ಕಾರ್ಖಾನೆಯಲ್ಲೋ ಹಳೇ ಅಕ್ಕಿ ಮಿಲ್ಲಿನಲ್ಲೋ ದುಡಿದವರಿದ್ದರೆ ಒಮ್ಮೆ ಕೇಳಿ ನೋಡಿ: ಬೆಲ್ಟು ಹಾಕುತ್ತಿದ್ದವರು ಯಾರು, ಹೊರುತ್ತಿದ್ದವರು ಯಾರು, ಯಾರಿಗೆ ಎಷ್ಟು ಕೂಲಿ ಅಂತ. ಕೇಳಿದ್ದನ್ನು ಬರೆದರೆ ಇನ್ನೂ ಸಂತೋಷ. ಯಂತ್ರಗಳು ಗುಜರಿಗೆ ಹೋದವು, ನೆನಪುಗಳಾದರೂ ಉಳಿಯಲಿ.